ಹಿಂಬದಿಯ ನೆರಿಗೆ

ಮಂಜು ಬೇಕು ಅಂದರು ಕಂಪನಿಯವರು.
ಮಾರ್ಚಿನ ಎರಡನೇ ವಾರ, ಕೂಡಿಗೆಯ ಬಯಲು,
ಹೊಳೆಯೇ ಮೊಣಕಾಲಿಗಿಳಿದಿರುವಾಗ
ಎಲ್ಲಿಂದ ತರಲಿ?
'ಕೊಡಗು ಅಂದಮೇಲೆ ಮಂಜಿರಬೇಕಲ್ಲ ಮೇಡಂ!'
ಫೋನಿನಾಚೆ ಎಸಿ ರೂಮಿನ ನಗು.

ಮುತ್ತ ಭಾಗಮಂಡಲಕ್ಕೆ ಹೋಗಿ
ಜೇನು ಬಿಡಿಸುವವರ ಹೊಗೆಡಬ್ಬಿ ಇಸಕೊಂಡು ಬಂದ.
ಹಸಿ ತೆಂಗಿನ ನಾರು, ಹಿಡಿ ಒಣಸೊಪ್ಪು,
ತಿದಿ ಒತ್ತಿದರೆ ಮಂಜು.
'ಹೆಂಗೆ ಫ್ಲೇವಿಯಕ್ಕಾ?'
ಚೆನ್ನಾಗಿದೆ ಮಾರಾಯ.
ಒಂದೇ ತೊಂದರೆ, ಈ ಮಂಜು ಕೆಮ್ಮಿಸುತ್ತದೆ.

ಹುಡುಗಿ ಪುಣೆಯವಳು, ಕ್ಷಿಪ್ರಾ.
ನಾಲ್ಕೂವರೆಗೆ ಎದ್ದು ಅರ್ಧ ಬಾಳೆಹಣ್ಣು ತಿಂದು
ಕಾಫಿ ಕಣದಲ್ಲಿ ಬರಿಗಾಲಲ್ಲಿ ನಿಂತಿದ್ದಾಳೆ.
ಒಣಗುವ ಹಣ್ಣು ಅಂಗಾಲಿಗೆ ಚುಚ್ಚುತ್ತದೆ,
ಮುಖಕ್ಕೆ ಅದು ಗೊತ್ತೇ ಇಲ್ಲ.
ರವಿಕೆ ಎರಡು ಸೈಜು ದೊಡ್ಡದು. ಬೆನ್ನಿನುದ್ದಕ್ಕೂ
ಬಟ್ಟೆ ಒಣಹಾಕುವ ಕ್ಲಿಪ್ಪು, ಒಂಬತ್ತು,
ನೀಲಿ, ಕೆಂಪು, ತುದಿ ಮುರಿದ ಒಂದು ಹಸಿರು.
ಮುಂದಿನಿಂದ ಮಹಾರಾಣಿ.
ನನ್ನ ಕಸುಬೇ ಅದು, ಮುಂದಿನಿಂದ.

ಉಡಿಸಲು ವಿರಾಜಪೇಟೆಯ ಪೊನ್ನವ್ವ ಬಂದಿದ್ದರು,
ಬಾಯಲ್ಲಿ ನಾಲ್ಕು ಪಿನ್ನು, ಸೊಂಟದಲ್ಲಿ ಇನ್ನೆಂಟು.
ನೆರಿಗೆಯನ್ನೆಲ್ಲ ಬೆನ್ನಹಿಂದೆ ಕೂಡಿಸಿ
ಬೆರಳಲ್ಲಿ ತೀಡಿ ತೀಡಿ, ಇಪ್ಪತ್ತು ನಿಮಿಷ.
'ಇಷ್ಟು ಮಾಡಿದ್ದು ನಿನ್ನ ಪೆಟ್ಟಿಗೆಗೆ ಕಾಣುತ್ತೇನಮ್ಮ?'
ಕಾಣಲ್ಲ ಆಂಟಿ.
'ಮತ್ತೆ?'
ನಾನು ಲೆನ್ಸ್ ಒರೆಸಿದೆ.

ಊಟದ ಹೊತ್ತಿಗೆ ಕ್ಷಿಪ್ರಾ ಕೇಳಿದಳು,
ಬೆಳಕು ನೋಡುವುದನ್ನು ಯಾರು ಕಲಿಸಿದರು?
ಹೀಗೆ ಕೇಳಿದವರಿಗೆಲ್ಲ ಹೇಳಲು
ಎರಡು ಫ್ರೆಂಚ್ ಹೆಸರು ಇಟ್ಟುಕೊಂಡಿದ್ದೇನೆ.
ಇವತ್ತು ಯಾಕೋ ಬಾಯಿಗೆ ಬರಲಿಲ್ಲ.

ಕುಶಾಲನಗರದ ಕ್ಯೂರಿಂಗ್ ವರ್ಕ್ಸು,
ಉದ್ದನೆ ಮೇಜು, ಟ್ಯೂಬ್‌ಲೈಟು, ಮೂವತ್ತು ಹೆಂಗಸರು.
ಅಮ್ಮ ಏಳನೆಯವಳು, ಇಪ್ಪತ್ತೆರಡು ವರ್ಷ.
ಸ್ಕೂಲು ಬಿಟ್ಟವಳು ಮೇಜಿನ ಕೆಳಗೆ ಕೂತು
ಮಗ್ಗಿ ಬರೆಯುತ್ತಿದ್ದೆ, ತಲೆ ಮೇಲೆ ಸರಸರ ಸದ್ದು,
ಬೇಳೆ ಬೇಳೆಯ ಮೇಲೆ ಹರಿದು,
ಕಪ್ಪು, ಒಡಕು, ಹುಳ ಹೊಡೆದದ್ದು
ಉಗುರಿನ ತುದಿಯಿಂದ ಹೊರಗೆ.
'ಹುಡುಕಬೇಡ,' ಅನ್ನುತ್ತಿದ್ದಳು.
'ಹುಡುಕಿದರೆ ಸಿಗಲ್ಲ. ಸುಮ್ಮನೆ ನೋಡ್ತಾ ಇರು,
ಬೇರೆ ಇರೋದು ತಾನೇ ಎದ್ದು ಬರುತ್ತೆ.'
ಸಂಜೆ ತೂಗುತ್ತಿದ್ದದ್ದು ಕಪ್ಪನ್ನೇ.
ಕೆಟ್ಟದ್ದೆಷ್ಟು ತೆಗೆದಳೋ ಅಷ್ಟಕ್ಕೆ ಕೂಲಿ.
ಒಳ್ಳೆಯದು ಮೂಟೆಯಾಗಿ ಹಡಗು ಹತ್ತಿ
ಯಾರದೋ ಊರಲ್ಲಿ ಘಮಘಮಿಸುತ್ತಿತ್ತು.

ಇದನ್ನು ಎಷ್ಟು ಹೇಳಿದೆನೋ, ಎಷ್ಟು ನುಂಗಿದೆನೋ.
ಅಷ್ಟರಲ್ಲಿ ಗಾಳಿ ತಿರುಗಿ
ಮುತ್ತನ ಮಂಜೆಲ್ಲ ಅನ್ನದ ತಟ್ಟೆಗೆ.

ರಾತ್ರಿ, ರೂಮು, ಲ್ಯಾಪ್‌ಟಾಪು.
ಸಾವಿರದ ಮುನ್ನೂರ ಹನ್ನೆರಡು ಚಿತ್ರ.
ರೆಪ್ಪೆ ಮುಚ್ಚಿದ್ದು ಹೊರಗೆ,
ಕೈ ಕಲ್ಲಾದದ್ದು ಹೊರಗೆ,
ನಗು ತುಟಿಗಷ್ಟೇ ಬಂದದ್ದು, ಹೊರಗೆ, ಹೊರಗೆ.
ಬೆರಳಿಗೆ ಅಮ್ಮನ ಸರಸರ.

ಆಗ ಒಂದು ತಾನೇ ಎದ್ದು ಬಂತು.

ತೆಗೆದ ನೆನಪಿಲ್ಲ. ಫೋಕಸು ಹೊಗೆಡಬ್ಬಿಯ ಮೇಲಿದೆ.
ಕೆಮ್ಮು ತಡೆಯಲಾರದೆ ಕ್ಷಿಪ್ರಾ ಬಗ್ಗಿದ್ದಾಳೆ,
ಕ್ಲಿಪ್ಪಿನ ಸಾಲು ಬೆನ್ನುಹುರಿಯ ಹಾಗೆ ಎದ್ದಿದೆ.
ಪಕ್ಕದಲ್ಲಿ ಪೊನ್ನವ್ವ, ಅವರದೂ ಬೆನ್ನೇ,
ಒಂದು ಕೈ ಅವಳ ಬೆನ್ನು ಸವರುತ್ತ.
ಎಪ್ಪತ್ತು ವರ್ಷದ ಮುದುಕಿಯ ನೆರಿಗೆ
ಒಂದೂ ಜರುಗಿಲ್ಲ.
ಕಣದ ತುಂಬ ಕೆಂಪು ಕಪ್ಪಾಗುತ್ತಿದೆ.
ಯಾರ ಮುಖವೂ ಇಲ್ಲ.

ಕಂಪನಿಗೆ ನಲವತ್ತು ಕಳಿಸಿದೆ. ಇದನ್ನಲ್ಲ.
ಇದು ಬೇರೆ ಫೋಲ್ಡರಿಗೆ, ಅದರ ಹೆಸರು 'ಕಪ್ಪು.'
ಹನ್ನೊಂದು ವರ್ಷಕ್ಕೆ ಅಲ್ಲಿ ಇಪ್ಪತ್ತಾರಾಗಿವೆ.
ತೂಗುವವರು ಯಾರೂ ಇಲ್ಲ.

ಬೆಳಿಗ್ಗೆ ಮೆಸೇಜು:
'ಮಂಜು ಎಷ್ಟು ನ್ಯಾಚುರಲ್ ಆಗಿದೆ ಮೇಡಂ!'
ಮುತ್ತನಿಗೆ ಓದಿ ಹೇಳಿದೆ. ಅವನು ಡಬ್ಬಿಯ ಮಸಿ
ಉಜ್ಜುತ್ತ ಕೂತಿದ್ದ, ಇವತ್ತೇ ಹಿಂದಿರುಗಿಸಬೇಕು.
ಕ್ಲಿಪ್ಪು ಎಣಿಸಿದರೆ ಎಂಟು.
ಹಸಿರು ಸಿಗಲಿಲ್ಲ.
ಅವಳ ಕೂದಲಿಗೋ ಬ್ಯಾಗಿಗೋ ಸಿಕ್ಕಿಕೊಂಡು
ಪುಣೆಯ ಬಸ್ಸು ಹತ್ತಿರಬೇಕು.